ಬೇಸಿಗೆಗೆ ಒಂದಿನ ಬೋಟಲ್ಲಿ: ನೀವು ಕೇಳಿದ್ದು, ನಾನು ಹೇಳುದು

ಹೋದ ಸಂಚಿಕೆಯಲ್ಲಿ "ರಜೆಗೆ ದೋಣಿ-ಬೋಟಲ್ಲಿ ಸುತ್ತುವ ಬಗ್ಗೆ ಎಂತ ಡೌಟ್ ಇದ್ರೂ ಬರೀರಿ" ಅಂತ ಒಂದು ಸಾಲು ಹಾಕಿದ್ದೇ ಹಾಕಿದ್ದು, ಕಾಗದ ಇಮೇಲು ಎಲ್ಲ ಸೇರಿ ರಾಶಿ ಬಿದ್ದಿದೆ. ಎಲ್ಲದಕ್ಕೂ ಉತ್ತರ ಹೇಳ್ಲಿಕ್ಕೆ ಪುಟ ಸಾಲುದಿಲ್ಲ, ಹಾಗಾಗಿ ಒಂದೇ ತರದ್ದನ್ನೆಲ್ಲ ಒಟ್ಟು ಮಾಡಿ ಆರು ಪ್ರಶ್ನೆ ಇಟ್ಕೊಂಡಿದ್ದೇನೆ. ಹೆಸರು ಬೇಡ ಅಂತ ಸುಮಾರು ಜನ ಹೇಳಿದ್ರಿಂದ ಊರು ಮಾತ್ರ.

ನಾವು ಎರಡು ಫ್ಯಾಮಿಲಿ, ದೊಡ್ಡೋರು ಆರು ಜನ ಮಕ್ಕಳು ಮೂರು, ಏಪ್ರಿಲ್ ಕೊನೇ ವಾರ ಉಡುಪಿಗೆ ಬರ್ತಿದೀವಿ. ಒಂದು ಬೋಟ್ ಪೂರ್ತಿ ನಮಗೇ ಅಂತ ಮಾಡ್ಕೊಂಡು ಇಡೀ ದಿನ ಸಮುದ್ರದಲ್ಲಿ ಆರಾಮಾಗಿ ಸುತ್ತಬೇಕು ಅಂತ ಆಸೆ. ತಿಂಡಿ ಮುಗಿಸಿ ಹತ್ತು ಗಂಟೆಗೆ ಹೊರಟ್ರೆ ಸಾಕಲ್ವಾ? (ಬೆಂಗಳೂರು)

ಹತ್ತು ಗಂಟೆ ಅಂದ್ರೆ ನಮ್ಮಲ್ಲಿ ಕಡಲಿಗೆ ಹೋದವ್ರು ವಾಪಸ್ ಬರುವ ಟೈಮು ಮಾರಾಯ್ರೆ! ತಮಾಷೆ ಅಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ಕಡಲಿಗೆ ಸಣ್ಣಕೆ ಗಾಳಿ ಇರ್ತದೆ, ನೀರು ಎಣ್ಣೆ ಹೊಯ್ದ ಹಾಗೆ ಇರ್ತದೆ. ಬಿಸಿಲು ಏರಿ ನೆಲ ಕಾದ ಮೇಲೆ ಗಾಳಿ ತಿರುಗ್ತದೆ, ಹನ್ನೊಂದು ಹನ್ನೆರಡಕ್ಕೆ ಕಡಲ ಗಾಳಿ ಶುರು, ಎರಡರಿಂದ ನಾಲ್ಕರ ಒಳಗೆ ಅದರ ಜೋರು, ಆಗ ಸಣ್ಣ ಬೋಟಲ್ಲಿ ಕೂತ್ರೆ ಆರಾಮ ಅನ್ನುವ ಶಬ್ದವೇ ಮರ್ತುಹೋಗ್ತದೆ, ಪ್ರತಿ ತೆರೆಗೂ ಬೋಟಿನ ಮೂತಿ ಎದ್ದು ಬಿದ್ದು ಬೆನ್ನಿಗೆ ಪೆಟ್ಟು, ಮುಖಕ್ಕೆ ಉಪ್ಪುನೀರು, ಮಕ್ಕಳು ಅಳು.

ಹಾಗಾಗಿ ನನ್ನ ಮಾತು ಕೇಳುದಾದ್ರೆ ಎರಡು ಬದಲಾವಣೆ ಮಾಡಿ. ಒಂದು, ಆರು ಗಂಟೆಗೆ ಬೋಟಲ್ಲಿ ಇರಿ. ಎರಡು, ಕಡಲಿನ ಆಸೆ ಅರ್ಧ ಬಿಟ್ಟು ಅಳಿವೆ (ಹೊಳೆ ಕಡಲಿಗೆ ಸೇರುವ ಬಾಗಿಲು) ಒಳಗಿನ ಹೊಳೆಗೆ ಬನ್ನಿ. ಇಡೀ ದಿನ ನೀರಿನ ಮೇಲೆ ಇರ್ಬೇಕಾದ್ರೆ ನಮ್ಮ ಕರಾವಳಿಯಲ್ಲಿ ಅದಕ್ಕೆ ಹೇಳಿ ಮಾಡಿಸಿದ ಜಾಗ ಹೊಳೆ ಬಾಗಿಲಿನ ಒಳಬದಿಯೇ.

ಕೋಡಿ ಬೆಂಗ್ರೆ ಹಂಗಾರಕಟ್ಟೆ ಹತ್ರ ಸೀತಾ, ಸ್ವರ್ಣಾ ಎರಡೂ ಹೊಳೆ ಸೇರಿ ಕಡಲಿಗೆ ಬೀಳ್ತವೆ. ಅಲ್ಲಿಂದ ತೆಂಕಕ್ಕೆ, ಸ್ವರ್ಣಾ ಹೊಳೆಯಲ್ಲಿ ಕೆಮ್ಮಣ್ಣು ಕಡೆಗೆ ಹೋದ್ರೆ ಬಲಗಡೆ ಸಪೂರ ಒಂದು ನೆಲದ ಪಟ್ಟಿ, ನಾಲ್ಕು ತೆಂಗಿನ ಮರ, ನಾಲ್ಕು ಮನೆ, ಒಂದು ರಸ್ತೆ, ಅದರ ಆಚೆ ಕಡಲು. ಕಡಲು ಕಾಣುದಿಲ್ಲ, ಕೇಳ್ತದೆ. ಆಚೆ ತೆರೆ ಬಡಿಯುವ ಸದ್ದು, ಈಚೆ ನಿಮ್ಮ ಬೋಟಿನ ಅಡಿಯಲ್ಲಿ ನೀರು ಅಲ್ಲಾಡುದೇ ಇಲ್ಲ, ಈ ಒಂದು ವಿಚಿತ್ರಕ್ಕೇ ನಾನು ಮನೆಗೆ ಬಂದ ನೆಂಟರನ್ನೆಲ್ಲ ಮೊದಲು ಅಲ್ಲಿಗೇ ಕರ್ಕೊಂಡು ಹೋಗುದು. ಎಡಗಡೆ ಕುದ್ರುಗಳು (ಹೊಳೆ ನಡುವಿನ ಸಣ್ಣ ದ್ವೀಪಗಳು), ಕೆಮ್ಮಣ್ಣಿನ ತೂಗುಸೇತುವೆ. ಬಡಗಕ್ಕೆ ತಿರುಗಿದ್ರೆ ಸೀತಾ ಹೊಳೆ, ಸಾಲಿಗ್ರಾಮ ಪಾರಂಪಳ್ಳಿ ಬದಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಅಲ್ಲಿ ಕಯಾಕ್ ಸಹ ಉಂಟು, ಮಕ್ಕಳಿಗೆ ಖುಷಿ ಆಗ್ತದೆ. ಕಾಂಡ್ಲಾ ಮಧ್ಯೆ ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಸುಮ್ನೆ ಕೂತ್ಕೊಳ್ಳಿ, ಮಿಂಚುಳ್ಳಿ ಬರ್ತದೆ, ಕೆಸರಿನ ಮೇಲೆ ಏಡಿ ಓಡುವ ಸಣ್ಣ ಟಿಕ್ ಟಿಕ್ ಸಹ ಕೇಳ್ತದೆ. ಇದಕ್ಕೆ ಫೋನಲ್ಲಿ ಹಾಡು ಹಾಕ್ಲೇಬೇಕಾ ಹೇಳಿ? ಮೊನ್ನೆ ಒಂದು ಗ್ಯಾಂಗ್ ಸ್ಪೀಕರ್ ಹೊತ್ಕೊಂಡು ಬಂದಿತ್ತು, ಎರಡು ಕುದ್ರು ಆಚೆಗೂ ಬೀಟ್ಸ್ ಕೇಳ್ತಿತ್ತು, ಕೊಕ್ಕರೆಗಳು ಎದ್ದು ಎಲ್ಲಿಗೆ ಹೋದ್ವೋ ದೇವರಿಗೇ ಗೊತ್ತು.

ಇನ್ನು ಟೈಮ್ ನೋಡುದು ಗಡಿಯಾರದಲ್ಲಿ ಅಲ್ಲ, ನೀರಲ್ಲಿ. ಕಡಲ ನೀರಿಗೆ ದಿನಕ್ಕೆ ಎರಡು ಸಲ ಏರು, ಎರಡು ಸಲ ಇಳಿತ, ಅಳಿವೆ ಒಳಗೂ ಹಾಗೆಯೇ. ಒಂದು ಏರಿಂದ ಮುಂದಿನ ಏರಿಗೆ ಹನ್ನೆರಡೂವರೆ ಗಂಟೆಗೆ ಸ್ವಲ್ಪ ಕಮ್ಮಿ, ಅಂದ್ರೆ ಇವತ್ತು ಹತ್ತಕ್ಕೆ ಏರು ನೀರು ಇದ್ರೆ ನಾಳೆ ಹತ್ತೂ ಮುಕ್ಕಾಲಕ್ಕೆ ದಾಟಿ. ಅಮಾವಾಸ್ಯೆ ಹುಣ್ಣಿಮೆಗೆ ಏರೂ ಹೆಚ್ಚು ಇಳಿತವೂ ಹೆಚ್ಚು, ಅಷ್ಟಮಿ ಆಸುಪಾಸಿಗೆ ಎರಡೂ ಸಪ್ಪೆ. ಬೆಳಿಗ್ಗೆ ಆರಕ್ಕೆ ಇಳಿತ ಮುಗಿದು ನೀರು ತಿರುಗುವ ದಿನ ಸಿಕ್ಕಿದ್ರೆ ಅದೇ ಲಕ್ಕಿ ದಿನ, ಏರುವ ನೀರೇ ನಿಮ್ಮನ್ನು ಹೊಳೆ ಮೇಲಕ್ಕೆ ದೂಡ್ತದೆ, ಮಧ್ಯಾಹ್ನ ಕುದ್ರು ನೆರಳಲ್ಲಿ ಊಟ, ಆಮೇಲೆ ಇಳಿಯುವ ನೀರು ವಾಪಸ್ ತಂದು ಬಿಡ್ತದೆ. ಪೆಟ್ರೋಲೂ ಉಳೀತು. ಟೈಡ್ ಟೇಬಲ್ (ಏರಿಳಿತದ ಪಟ್ಟಿ) ಮೊಬೈಲಲ್ಲೇ ಸಿಗ್ತದೆ, ಆದ್ರೂ ಬೋಟ್ ಅಣ್ಣನ ಹತ್ರ ಒಂದು ಮಾತು ಕೇಳಿ, ಮರಳ ದಿಬ್ಬ ಈ ವರ್ಷ ಎಲ್ಲಿ ಉಂಟು ಅಂತ ಆ್ಯಪ್‌ಗೆ ಗೊತ್ತಿರುದಿಲ್ಲ.

ಇದನ್ನು ನಾನು ಕಲ್ತದ್ದು ಮರ್ಯಾದೆ ಕಳ್ಕೊಂಡು. ಕೆಲವು ವರ್ಷದ ಹಿಂದೆ ಅಕ್ಕ ಭಾವ ಮುಂಬಯಿಯಿಂದ ಬಂದಿದ್ರು. ಹೊಳೆ ನಡುವೆ ದಿಬ್ಬ ಕಂಡದ್ದೇ ಅಕ್ಕನಿಗೆ ಸಣ್ಣ ಇರುವಾಗ ಮರುವಾಯಿ (ಚಿಪ್ಪು) ಹೆಕ್ಕಿದ್ದು ನೆನಪಾಯ್ತು, ಇಳಿಯುವ ಅಂದ್ಲು, ಇಳಿದೆವು. ಬೋಟನ್ನು ಮೊಣಕಾಲು ನೀರಲ್ಲಿ ಲಂಗರು ಹಾಕಿ ಬಿಟ್ಟು ನಾನೂ ಹೆಕ್ಲಿಕ್ಕೆ ಕೂತೆ. ಕಾಲು ಗಂಟೆ ಬಿಟ್ಟು ತಿರುಗಿ ನೋಡ್ತೇನೆ, ಪ್ರೊಪೆಲ್ಲರಿನ ಒಂದು ರೆಕ್ಕೆ ಹೊರಗೆ ಕಾಣ್ತಾ ಉಂಟು. ಓಡಿ ಬಂದು ದೂಡುವಷ್ಟರಲ್ಲಿ ಎರಡನೇ ರೆಕ್ಕೆಯೂ ಕಂಡಿತು. ನಾಲ್ಕು ಜನ ಸೇರಿ ದೂಡಿದ್ರೂ ಒಂದು ಅಡಿ ಸಹ ಜಾರ್ಲಿಲ್ಲ, ಅಡಿಯಲ್ಲಿ ಮರಳು ಗಟ್ಟಿ ಹಿಡ್ಕೊಂಡಿತ್ತು. ಹನ್ನೊಂದರಿಂದ ಮೂರೂವರೆವರೆಗೆ ಆ ಬಿಸಿಲಲ್ಲಿ, ನೆರಳಿಗೆ ಅಂತ ಇದ್ದದ್ದು ಅಕ್ಕನ ಒಂದು ಕೊಡೆ, ಕುಡೀಲಿಕ್ಕೆ ಒಂದು ಬಾಟ್ಲಿ ನೀರು. ಭಾವ ಪಾಪ ಒಂದು ಮಾತು ಆಡ್ಲಿಲ್ಲ, ಶರ್ಟು ಬಿಚ್ಚಿ ತಲೆಗೆ ಕಟ್ಕೊಂಡು ಬೋಟಿನ ಬದಿಯ ಒಂದು ಮೊಳ ನೆರಳಿನ ಜೊತೆಜೊತೆಗೆ ಸರೀತಾ ಹೋದ್ರು. ಈಗಲೂ ನಮ್ಮ ಮನೆಯಲ್ಲಿ ಯಾರಾದ್ರೂ "ಐದು ನಿಮಿಷ ಇಳಿದು ಬರುವ" ಅಂದ್ರೆ ಎಲ್ಲರೂ ನನ್ನ ಮುಖ ನೋಡ್ತಾರೆ. ದಿಬ್ಬದಲ್ಲಿ ಇಳೀಲೇಬೇಕು ಅಂದ್ರೆ ಏರುವ ನೀರಲ್ಲಿ ಇಳೀರಿ, ಸಿಕ್ಕಿಬಿದ್ರೂ ನೀರೇ ಬಿಡಿಸ್ತದೆ.

ಕಡಲು ನೋಡ್ಲೇಬೇಕು ಅಂತ ಮಕ್ಕಳು ಹಠ ಹಿಡಿದ್ರೆ ಬೆಳಿಗ್ಗೆ ಮೊದಲ ಕೆಲಸ ಅದೇ ಮಾಡಿ, ಅದೂ ನೀರು ಇಳಿಯುವಾಗ ಬೇಡ. ಇಳಿಯುವ ಹೊಳೆ ನೀರು ಹೊರಗೆ ನುಗ್ತದೆ, ಎದುರಿಂದ ತೆರೆ ಒಳಗೆ ಬರ್ತದೆ, ಅಳಿವೆ ಬಾಗಿಲಲ್ಲಿ ಎರಡೂ ಮುಖಾಮುಖಿ ಆಗಿ ನೀರು ಎದ್ದು ನಿಲ್ತದೆ. ದಿನಾ ಕಡಲಿಗೆ ಹೋಗುವ ಮೀನುಗಾರರೇ ಅಲ್ಲಿ ನಿಂತು ನೋಡಿ ಲೆಕ್ಕ ಹಾಕಿ ದಾಟುದು, ನಾವು ನೀವು ಬಿಡಿ.

ನಮ್ಮ ಕಡಿ ಕೆರಿ ಬಿಟ್ರ ನೀರ ಇಲ್ರಿ. ಹೋದ ವರ್ಷ ಬೋಟ್ ಹತ್ತಿ ಅರ್ಧ ತಾಸಿಗೆ ವಾಂತಿ ಶುರು ಆತು, ಮಂದಿ ಎಲ್ಲಾ ನಕ್ರು. ಈ ಸಲ ಏನ್ ಮಾಡ್ಲಿ? (ಧಾರವಾಡ)

ನಕ್ಕವರನ್ನು ಮೇ ತಿಂಗಳ ಸಂಜೆ ಒಂದು ಸಲ ಟ್ರಾಲ್ ಬೋಟಿಗೆ (ಬಲೆ ಎಳೆಯುವ ದೊಡ್ಡ ಮೀನುಗಾರಿಕೆ ಬೋಟು) ಹತ್ತಿಸಿ, ಸರಿ ಹೋಗ್ತದೆ. ಎಷ್ಟೋ ವರ್ಷ ಕಡಲಲ್ಲಿ ಕಳೆದ ತಂಡೇಲರಿಗೂ (ಬೋಟ್ ನಡೆಸುವವ್ರು) ರಜೆ ಮುಗಿಸಿ ಮೊದಲ ದಿನ ಹೊಟ್ಟೆ ತೊಳಸುದು ಉಂಟು. ಕಣ್ಣು ಬೋಟಿನ ಒಳಗೆ ನೋಡ್ತಾ ಎಲ್ಲ ನಿಂತೇ ಉಂಟು ಅಂತದೆ, ಕಿವಿಯೊಳಗಿನ ತೂಕದ ಲೆಕ್ಕ ಅಲ್ಲಾಡ್ತಾ ಉಂಟು ಅಂತದೆ, ಎರಡಕ್ಕೂ ಹೊಂದಾಣಿಕೆ ಆಗುದಿಲ್ಲ, ಅಷ್ಟೇ. ಅದಕ್ಕೆ ಮೊಬೈಲ್ ಕಿಸೆಗೆ ಹಾಕಿ ದೂರದ ಗೆರೆ ನೋಡಿ, ಬೋಟಿನ ನಡು-ಹಿಂಭಾಗದಲ್ಲಿ ಕೂತ್ಕೊಳ್ಳಿ, ಅಲ್ಲಿ ಎತ್ತಿ ಹಾಕುದು ಕಮ್ಮಿ, ಆದ್ರೆ ಎಂಜಿನ್ ಹೊಗೆ ಮುಖಕ್ಕೆ ಬಾರದ ಬದಿ ನೋಡ್ಕೊಳ್ಳಿ. ಖಾಲಿ ಹೊಟ್ಟೆಯೂ ಬೇಡ, ಮಸಾಲೆ ದೋಸೆಯೂ ಬೇಡ, ಎರಡು ಇಡ್ಲಿ ಸಾಕ್ರೀ. ಶುಂಠಿ ಕೆಲವರಿಗೆ ಆಗ್ತದೆ. ಮಾತ್ರೆ ಬೇಕಾದ್ರೆ ಡಾಕ್ಟ್ರ ಹತ್ರ ಕೇಳಿ ಹೊರಡುವ ಮೊದಲೇ ತಕ್ಕೊಳ್ಳಿ, ತೊಳಸ್ಲಿಕ್ಕೆ ಶುರು ಆದ ಮೇಲೆ ನುಂಗಿದ್ರೆ ಅದೂ ಹೊರಗೆ ಬರ್ತದೆ. ಮತ್ತೆ ಅದರಲ್ಲಿ ನಿದ್ದೆ ಬರುವ ಗುಣ ಇರ್ತದೆ, ನೀವು ಬೋಟ್ ಓಡಿಸುದಾಗ್ಲಿ ಈಜ್ಲಿಕ್ಕೆ ಇಳಿಯುದಾಗ್ಲಿ ಬೇಡ. ಮೊದಲ ಸಲಕ್ಕೆ ಮೇಲೆ ಹೇಳಿದ ಹೊಳೆ ಟ್ರಿಪ್ಪೇ ಮಾಡಿ.

ಸೆಕೆಂಡ್ ಹ್ಯಾಂಡ್ ಫೈಬರ್ ಬೋಟ್ ಒಂದು ಸಿಗ್ತಾ ಉಂಟು, 18 ಅಡಿ, ಹಿಂದೆ ಕೂರಿಸುವ 25 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್. ಭಾನುವಾರ ಮನೆಯವರನ್ನು ಕರ್ಕೊಂಡು ಹೋಗ್ಲಿಕ್ಕೆ ಮಾತ್ರ. ತಕ್ಕೊಳ್ಳುದಾ? (ಮಂಗಳೂರು)

ತಕ್ಕೊಳ್ಳುದು ಸುಲಭ, ಸಾಕುದು ಕಷ್ಟ. ದನ ಕಟ್ಟಿದ ಹಾಗೆ.

ಮೊದಲು ಬೋಟನ್ನು ನೆಲದ ಮೇಲೆ ನೋಡಿ, ನೀರಲ್ಲಿ ಎಲ್ಲ ಬೋಟೂ ಚಂದವೇ. ಬೆರಳು ಗಂಟಿಂದ ಉದ್ದಕ್ಕೂ ಬಡೀತಾ ಹೋಗಿ, ಗಟ್ಟಿ ಟಕ್ ಟಕ್ ಬರ್ಬೇಕು, ಎಲ್ಲಾದ್ರೂ ಹಲಸಿನ ಹಣ್ಣು ಬಡಿದ ಹಾಗೆ ದಬ್ ಅಂದ್ರೆ ಒಳಗೆ ಫೈಬರ್ ಪದರ ಬಿಟ್ಟಿದೆ ಅಂತ. ಎಂಜಿನ್ ಕೂರಿಸುವ ಹಿಂದಿನ ಹಲಗೆ ಉಂಟಲ್ಲ, ಒಳಗೆ ಮರ ಇರ್ತದೆ, ಅಲ್ಲಿ ನೀರು ಇಳಿದಿದ್ರೆ ಬೋಲ್ಟ್ ಸುತ್ತ ಕಪ್ಪು ಕಲೆ, ಒತ್ತಿದ್ರೆ ಮೆತ್ತಗೆ. ಅದೊಂದು ಹಾಳಾದ್ರೆ ಬೋಟ್ ಪುಕ್ಕಟೆ ಕೊಟ್ರೂ ಬೇಡ. ಎಂಜಿನ್ ಸ್ಟಾರ್ಟ್ ಮಾಡಿಸಿದ ಕೂಡ್ಲೆ ಹಿಂಬದಿ ಸಣ್ಣ ತೂತಿಂದ ಪಿಚಕಾರಿ ಹಾಗೆ ನೀರು ಹಾರ್ಬೇಕು, ತಂಪು ಮಾಡುವ ನೀರು ತಿರುಗ್ತಾ ಉಂಟು ಅಂತ ಹೇಳುದು ಅದೇ. ನೀರು ಹಾರದಿದ್ರೆ ಕೂಡ್ಲೆ ಆಫ್ ಮಾಡ್ಬೇಕು, ಪಂಪಿನ ರಬ್ಬರ್ ಹೋಗಿರ್ಲಿಕ್ಕೂ ಸಾಕು, ಹೊಳೆಯ ಪ್ಲಾಸ್ಟಿಕ್ ತೊಟ್ಟೆ (ಚೀಲ) ನೀರು ಎಳೆಯುವ ಬಾಯಿಗೆ ಅಡ್ಡ ಕೂತಿರ್ಲಿಕ್ಕೂ ಸಾಕು (ಹತ್ತರಲ್ಲಿ ಏಳು ಸಲ ನನಗೆ ತೊಟ್ಟೆಯೇ).

ಖರ್ಚಿನ ಲೆಕ್ಕ: 25 ಎಚ್‌ಪಿ ಪೂರ್ತಿ ಎಳೆದ್ರೆ ಗಂಟೆಗೆ ಸುಮಾರು 10 ಲೀಟರ್ ಪೆಟ್ರೋಲು, ಅದರ ಮೇಲೆ ಪೆಟ್ರೋಲಿಗೆ ಬೆರೆಸುವ ಆಯಿಲು. ಸಾಮಾನ್ಯ 50ಕ್ಕೆ 1 ಅಂದ್ರೆ ಲೀಟರಿಗೆ 20 ಮಿಲಿ, ಆದ್ರೂ ಎಂಜಿನ್ ಕಂಪನಿ ಪುಸ್ತಕ ನೋಡಿಯೇ ಹಾಕಿ. ಟ್ಯಾಂಕಲ್ಲಿ ಇದ್ದದ್ದನ್ನು ಮೂರು ಪಾಲು ಮಾಡಿ, ಒಂದು ಹೋಗ್ಲಿಕ್ಕೆ, ಒಂದು ಬರ್ಲಿಕ್ಕೆ, ಮೂರನೇದು ಮುಟ್ಲಿಕ್ಕಿಲ್ಲ. ಪ್ರತಿ ಸಲ ಮನೆಗೆ ಬಂದ ಮೇಲೆ ಎಂಜಿನ್ನಿಗೆ ಬಾವಿ ನೀರು ಹಾಕಿ ಹತ್ತು ನಿಮಿಷ ಓಡಿಸಿ ಉಪ್ಪು ತೊಳೀಬೇಕು, ಸುಸ್ತಾಗಿದೆ ನಾಳೆ ಮಾಡುವ ಅಂದ್ರೆ ಆ ನಾಳೆಗೆ ಮೆಕ್ಯಾನಿಕ್ ಬಿಲ್ ಬರ್ತದೆ.

ಕಾಗದ ಪತ್ರ ಮರೀಬೇಡಿ. 1917ರ ಹಳೇ ಕಾಯ್ದೆ ತೆಗೆದು 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯ್ದೆ ಬಂದಿದೆ, ಹೊಳೆಯಲ್ಲಿ ಎಂಜಿನ್ ಬೋಟ್ ಓಡಿಸ್ಲಿಕ್ಕೆ ರಿಜಿಸ್ಟ್ರೇಶನ್ನೂ ಸರ್ವೆಯೂ (ಬೋಟಿನ ತಪಾಸಣೆ) ಬೇಕು. ನೀವು ನೋಡಿದ ಬೋಟ್ ಮೀನುಗಾರಿಕೆ ಅಂತ ರಿಜಿಸ್ಟರ್ ಆಗಿರ್ಲಿಕ್ಕೂ ಸಾಕು, ಹಾಗಿದ್ರೆ ದುಡ್ಡು ಕೊಡುವ ಮೊದಲೇ ಬಂದರು ಇಲಾಖೆ ಆಫೀಸಿಗೆ ಹೋಗಿ ಕೇಳಿ. ಹಾಗೆಯೇ ಓಡಿಸುವವ್ರ ಕೈಗೆ ಕಟ್ಟುವ ಕೆಂಪು ದಾರ ಉಂಟಲ್ಲ, ಕಿಲ್ ಸ್ವಿಚ್ಚಿಂದು, ಅದನ್ನು ಬೋಟ್ ಜೊತೆ ಮರೀದೆ ಕೇಳಿ ತಕ್ಕೊಳ್ಳಿ. ನೀವು ನೀರಿಗೆ ಬಿದ್ರೆ ಎಂಜಿನ್ ನಿಲ್ಲುದು ಅದರಿಂದಲೇ, ಇಲ್ಲಾಂದ್ರೆ ಬೋಟ್ ತಿರುಗಿ ನಿಮ್ಮ ಮೇಲೆಯೇ ಬರ್ತದೆ.

ಸೇಂಟ್ ಮೇರೀಸ್ ದ್ವೀಪಕ್ಕೆ ನಮ್ಮದೇ ಬಾಡಿಗೆ ಬೋಟಲ್ಲಿ ಹೋಗಿ ಯಾರೂ ಇಲ್ಲದ ಬದಿಯಲ್ಲಿ ಈಜಬಹುದಾ? ಅಲ್ಲಿರೋ ಕಂಬದಂಥ ಕಲ್ಲುಗಳನ್ನು ಯಾರೋ ಕೆತ್ತಿದ್ದು ಅಂತಾರಲ್ಲ, ನಿಜಾನಾ? (ಶಿವಮೊಗ್ಗ)

ಯಾರೂ ಕೆತ್ತಿಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆ ಆಗ್ತಿದ್ದ ಕಾಲದಲ್ಲಿ ಹರಿದ ಲಾವಾ ತಣಿದು ಕುಗ್ಗುವಾಗ ಬಿರುಕು ಬಿಟ್ಟದ್ದು ಅದು, ಬೇಸಿಗೆಯಲ್ಲಿ ಒಣಗಿದ ಕೆರೆ ಕೆಸರು ಬಿರಿತದಲ್ಲ, ಅದೇ ತರ. ಬಿರುಕು ಕೆಳಗಿನವರೆಗೂ ಇಳಿದು ಐದು ಮೂಲೆ ಆರು ಮೂಲೆಯ ಕಂಬ ಆಯ್ತು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು, ಹೆಸರು ಗೀಚ್ಲಿಕ್ಕೆ ಇರುವ ಗೋಡೆ ಅಲ್ಲ.

ಈಜುದಕ್ಕೆ ಮಾತ್ರ ಬೇಡ ಅಂತೇನೆ. ಆ ಕಂಬಗಳು ನೀರಿನ ಅಡಿಯಲ್ಲೂ ಉಂಟು, ಪಾಚಿ ಹಿಡಿದು ಜಾರ್ತವೆ, ಚಿಪ್ಪಿನ ಅಂಚು ಕತ್ತಿ ಹಾಗೆ, ಒಂದು ಹೆಜ್ಜೆ ಸೊಂಟ ಮಟ್ಟ, ಮುಂದಿನ ಹೆಜ್ಜೆ ತಲೆ ಮೇಲೆ. "ಯಾರೂ ಇಲ್ಲದ ಬದಿ" ಖಾಲಿ ಇರುದು ಯಾಕೆ ಅಂತ ಒಂದು ಕ್ಷಣ ಯೋಚನೆ ಮಾಡಿ. ಮಲ್ಪೆಯಿಂದ ಪರ್ಮಿಟ್ ಇರುವ ಬೋಟಲ್ಲಿ ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಹೋಗಿ, ಬೇಲಿ ಹಾಕಿ ಗುರ್ತು ಮಾಡಿದ ಜಾಗದಲ್ಲಿ ಇಳೀರಿ, ಲೈಫ್‌ಗಾರ್ಡ್ ಸೀಟಿ ಊದಿದ್ರೆ ವಾದ ಬೇಡ. ಮತ್ತೆ ಮಳೆಗಾಲದಲ್ಲಿ ಅಲ್ಲಿಗೆ ಬೋಟ್ ಇಲ್ಲ. ಹಾಗೆಯೇ "ಜೂನಲ್ಲಿ ರೂಮ್ ರೇಟ್ ಕಮ್ಮಿ, ಆಗ ಬೋಟ್ ಸಿಗ್ತದಾ" ಅಂತ ಕೇಳಿದ ಐದಾರು ಜನರಿಗೂ ಇಲ್ಲೇ ಹೇಳಿಬಿಡ್ತೇನೆ: ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ದೊಡ್ಡ ದೊಡ್ಡ ಟ್ರಾಲ್ ಬೋಟುಗಳೇ ಧಕ್ಕೆಯಲ್ಲಿ (ಬೋಟು ನಿಲ್ಲುವ ಕಟ್ಟೆ) ಕಟ್ಟಿಕೊಂಡು ಮಲಗಿರ್ತವೆ. ರೂಮ್ ಮಾಡಿ, ಮಳೆ ನೋಡಿ, ಗೋಳಿಬಜೆ ತಿನ್ನಿ.

ಕಾರವಾರದಲ್ಲಿ ಡಾಲ್ಫಿನ್ ಗ್ಯಾರಂಟಿ ಅಂತ ಹೇಳಿ ಕರ್ಕೊಂಡು ಹೋದ್ರು, ಒಂದೂ ಕಾಣ್ಲಿಲ್ಲ, ಲೈಫ್ ಜಾಕೆಟ್ ಕೇಳಿದ್ರೆ "ನೀರು ಸೊಂಟದವರೆಗೆ ಅಷ್ಟೇ ಮೇಡಂ" ಅಂದ್ರು. ದುಡ್ಡು ವಾಪಸ್ ಕೇಳಬಹುದಿತ್ತಾ? (ಹಾವೇರಿ)

ಮೇಡಂ, ಡಾಲ್ಫಿನ್ ಕಾಣದ್ದಕ್ಕೆ ಕೇಳ್ಲಿಕ್ಕಾಗುದಿಲ್ಲ, ಜಾಕೆಟ್ ಕೊಡದ್ದಕ್ಕೆ ಬೋಟ್ ಹತ್ತುದೇ ಬೇಡ ಇತ್ತು. ಸೊಂಟ ನೀರು ಅಂದವರು ಕಾಳಿ ಹೊಳೆ ಬಾಗಿಲಲ್ಲಿ ಸೊಂಟ ಅಳೆದು ನೋಡ್ಲಿ ಒಮ್ಮೆ. ಜಾಕೆಟ್ ಅಂದ್ರೆ ಹೆಗಲಿಗೆ ನೇತು ಹಾಕುದು ಸಹ ಅಲ್ಲ, ಬಕಲ್ ಎಲ್ಲ ಹಾಕಿ ಹೆಗಲ ಹತ್ರ ಹಿಡಿದು ಮೇಲಕ್ಕೆ ಎಳೆದು ನೋಡ್ಬೇಕು, ಕಿವಿವರೆಗೆ ಬಂತು ಅಂದ್ರೆ ಅದು ನಿಮ್ಮ ಸೈಜಲ್ಲ. ದೊಡ್ಡವರ ಜಾಕೆಟನ್ನು ಮಕ್ಕಳಿಗೆ ಹಾಕಿದ್ರೆ ನೀರಿಗೆ ಬಿದ್ದಾಗ ಜಾಕೆಟ್ ತೇಲ್ತದೆ, ಮಗು ಕೆಳಗಿಂದ ಜಾರ್ತದೆ. ಮಕ್ಕಳ ಸೈಜು ಉಂಟಾ ಅಂತ ಫೋನಲ್ಲೇ ಕೇಳಿ, ಇಲ್ಲ ಅಂದ್ರೆ ಬೇರೆ ಬೋಟ್ ನೋಡಿ. ಜೊತೆಗೆ ಕೋಸ್ಟ್ ಗಾರ್ಡ್ ನಂಬರ್ 1554 ಫೋನಲ್ಲಿ ಸೇವ್ ಇರ್ಲಿ, ಫೋನು ಪ್ಲಾಸ್ಟಿಕ್ ಕವರಲ್ಲಿ ಇರ್ಲಿ.

ಡಾಲ್ಫಿನ್ ವಿಷಯಕ್ಕೆ ಬಂದ್ರೆ, ಅಲ್ಲಿ ಕಾಣುದು ಹೆಚ್ಚಾಗಿ ಬೆನ್ನು ಉಬ್ಬಿದ ಹಂಪ್‌ಬ್ಯಾಕ್ ಜಾತಿ, ಹೊಳೆ ಬಾಗಿಲು ಹತ್ರದ ಕಮ್ಮಿ ಆಳದ ನೀರೇ ಅದಕ್ಕೆ ಇಷ್ಟ, ಮೀನು ಅಲ್ಲಿ ಜಾಸ್ತಿ. ದೇವಬಾಗ, ಕೂರ್ಮಗಡ ಬದಿ ಬೆಳಿಗ್ಗೆ ನೀರು ಸಪಾಟಾಗಿ ಇದ್ರೆ ಕಾಣುವ ಚಾನ್ಸ್ ಹೆಚ್ಚು. ಅಲ್ಲಿ ಇಲ್ಲ ಅಂತ ಅಲ್ಲ, ಮಧ್ಯಾಹ್ನ ತೆರೆ ಎದ್ದ ಮೇಲೆ ನಮ್ಮ ಕಣ್ಣಿಗೆ ಬೀಳುದಿಲ್ಲ. ಕಂಡ ಕೂಡ್ಲೆ ಎಂಜಿನ್ ನ್ಯೂಟ್ರಲ್ಲಿಗೆ ಹಾಕಿ ಸುಮ್ನೆ ನಿಲ್ಬೇಕು. ಗ್ಯಾರಂಟಿ ಕೊಟ್ಟವರು ಮಾಡುದು ಇದರ ಉಲ್ಟಾ, ನಾಲ್ಕು ಬೋಟ್ ಸೇರಿ ಅಟ್ಟಿಸ್ಕೊಂಡು ಹೋಗ್ತಾರೆ, ಅದು ಮುಳುಗಿ ಎಲ್ಲೋ ಹೋಗಿ ಏಳ್ತದೆ, ಇವ್ರು ಮತ್ತೆ ಅಲ್ಲಿಗೆ. ಸುಮ್ನೆ ನಿಂತ ಬೋಟಿನ ಹತ್ತು ಮಾರು ದೂರದಲ್ಲಿ ಬಂದು ಉಸಿರು ಬಿಡ್ತದೆ, ಪ್ರೆಶರ್ ಕುಕ್ಕರ್ ಸಣ್ಣಕೆ ಉಸ್ ಅಂದ ಹಾಗೆ ಸದ್ದು. ನಾನು ಮೊದಲ ಸಲ ಕೇಳುವಾಗ ಬೋಟಿನ ಗಾಳಿ ಟ್ಯೂಬ್ ಪಂಕ್ಚರ್ ಆಯ್ತು ಅಂತ ಕೈಯಿಂದ ತಡಕಾಡಿದ್ದೆ.

ಬೋಟಲ್ಲಿ ಊಟಕ್ಕೆ ಏನೇನು ತಗೊಂಡು ಹೋಗೋದು? ಅಲ್ಲೇ ಮೀನು ಹಿಡಿದು ಸುಡೋ ಪ್ಲಾನ್ ಇದೆ. (ಮೈಸೂರು)

ಪೆಟ್ರೋಲ್ ಟ್ಯಾಂಕ್ ಇರುವ ಬೋಟಲ್ಲಿ ಒಲೆ ಹೊತ್ತಿಸುವ ಪ್ಲಾನ್ ಇವತ್ತೇ ಕೈ ಬಿಡಿ. ಮೀನು ಸಿಗ್ತದೆ ಅಂತ ನಂಬಿ ಹೋಗುದೂ ಬೇಡ, ಗಾಳ ಹಾಕಿ ಮೂರು ಗಂಟೆ ಕೂತು ಒಂದು ನೊಗ್ಲಿ ಮೀನು ಹಿಡಿದು ಒಂಬತ್ತು ಜನ ಮುಖ ಮುಖ ನೋಡಿದ್ದು ನನಗೆ ಅನುಭವ ಉಂಟು. ಮನೆಯಿಂದಲೇ ಮಾಡ್ಕೊಂಡು ಬನ್ನಿ. ನಮ್ಮದು ಯಾವಾಗಲೂ ಮೂಡೆ, ಇಲ್ಲದಿದ್ರೆ ಕೊಟ್ಟೆ ಕಡುಬು, ಎಲೆಯಲ್ಲೇ ಬೆಂದದ್ದು ಎಲೆಯಲ್ಲೇ ತಿನ್ನುದು, ತಟ್ಟೆ ತೊಳೆಯುವ ಕೆಲಸ ಇಲ್ಲ, ಬೆಳಿಗ್ಗೆ ಬೇಯಿಸಿದ್ದು ಮಧ್ಯಾಹ್ನಕ್ಕೂ ಮೆತ್ತಗೆ ಇರ್ತದೆ. ಜೊತೆಗೆ ಗಟ್ಟಿ ಚಟ್ನಿ, ಆದ್ರೆ ಬಿಸಿಲಿಗೆ ತೆಂಗಿನಕಾಯಿ ಹಳಸ್ತದೆ, ಐಸ್ ಬಾಕ್ಸ್ ಇಲ್ಲ ಅಂದ್ರೆ ಮಿಡಿ ಉಪ್ಪಿನಕಾಯಿ ಸಾಕು. ಒಂದು ಕ್ಯಾನ್ ಪುನರ್ಪುಳಿ (ಕೋಕಂ) ಶರಬತ್ತು, ಸ್ವಲ್ಪ ಉಪ್ಪು ಹಾಕಿ. ನೀರು ತಲೆಗೆ ಮೂರು ಲೀಟರ್ ಲೆಕ್ಕದಲ್ಲಿ ಇಡಿ, ದಿಬ್ಬದ ಮೇಲೆ ಕೂತ ದಿನ ಒಂದು ಬಾಟ್ಲಿಯಲ್ಲಿ ನಾಲ್ಕು ಜನ ಹೇಗಿದ್ದೆವು ಅಂತ ಮೇಲೆ ಓದಿದ್ರಲ್ಲ.

ಹುರಿದ ಬಂಗುಡೆ ತಂದ್ರೆ ಬೇಡ ಅನ್ನುದಿಲ್ಲ, ಆದ್ರೆ ಹೊಳೆ ನಡುವೆ ಡಬ್ಬಿ ಮುಚ್ಚಳ ತೆಗೆಯುವಾಗ ಒಮ್ಮೆ ಮೇಲೆ ನೋಡಿ. ಕೆಮ್ಮಣ್ಣು ಹತ್ರ ಗರುಡಗಳು ಬೇಕಾದಷ್ಟು. ಭಾವ ಅರ್ಧ ತಿಂದ ಬಂಗುಡೆಯನ್ನು ಕೈಯಲ್ಲಿ ಹಿಡ್ಕೊಂಡು ಎಂತದೋ ರಾಜಕೀಯ ಮಾತಾಡ್ತಿದ್ರು, ಹಿಂದಿನಿಂದ ಬಂದದ್ದು ಗೊತ್ತೇ ಆಗ್ಲಿಲ್ಲ, ರೆಕ್ಕೆ ಗಾಳಿ ಕೆನ್ನೆಗೆ ಬಡಿಯಿತು ಅಷ್ಟೇ, ಕೈಯಲ್ಲಿ ಬಾಲ ಮಾತ್ರ ಉಳಿದಿತ್ತು.